ಗಾದಿಯವನ ಎದೆಯೊಳಗೆ ಸ್ಪ್ರಿಂಗು

ಡಾಕ್ಟರು ಯಾವ ಕಾರಣಕ್ಕೂ ಬಿಡಬೇಡಿ ಎಂದು ಹೇಳಿದ್ದ ಗುಳಿಗೆಯನ್ನು, ಒಂದು ಗಾದಿಗೆ ಕಲೆ ಬೀಳಬಾರದೆಂಬ ಕಾರಣಕ್ಕೆ ನಾನು ಅಪ್ಪನಿಂದ ಬಿಡಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ, ಇಷ್ಟು ಹೊತ್ತು ನಗಿಸುತ್ತಾ ಈ ನನ್ಮಗ ಎಲ್ಲಿಗೆ ಕರೆದುಕೊಂಡು ಬಂದ ಎಂದು ನೀವು ಬೈಯುತ್ತೀರಿ.

ನನ್ನ ದಡ್ಡತನಕ್ಕೆ ಬಳ್ಳಾರಿಯ ಪಾರ್ವತಿನಗರದ ನಮ್ಮ ಓಣಿಯಲ್ಲಿ ಒಳ್ಳೆಯ ಹೆಸರಿದೆ. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆ ನಮ್ಮದು. ಕಲಿಯುವ ಕಾಲದಲ್ಲಿ ನಾನೊಮ್ಮೆ ಗಾದಿಯ ಜೊತೆ ನನ್ನ ಲುಂಗಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಎದ್ದು ನಿಂತರೆ ಗಾದಿಯೂ ನನ್ನ ಜೊತೆ ಎದ್ದು ನಿಂತಿತು. ಇನ್ನೊಮ್ಮೆ ಹಿಂಜುವ ಮಷಿನ್ನಿಗೆ ಹತ್ತಿಯೊಂದಿಗೆ ಅಪ್ಪನ ಟೋಪಿಯನ್ನೂ ಹಾಕಿದೆ. ಅದು ಇವತ್ತಿಗೂ ಯಾರದೋ ತಲೆದಿಂಬಿನೊಳಗೆ ಆರಾಮಾಗಿ ಮಲಗಿದೆ. ಈ ಕಥೆಗಳಲ್ಲಿ ಅರ್ಧ ನಿಜ, ಉಳಿದರ್ಧ ಹೇಳಿ ಹೇಳಿ ನಾನೇ ಬೆಳೆಸಿದ್ದು. ಗುಳಿಗೆಯ ವಿಷಯವನ್ನು ಮಾತ್ರ ಬೆಳೆಸಿಲ್ಲ. ಬೆಳೆಸಲು ಅದರಲ್ಲಿ ಜಾಗವೇ ಇಲ್ಲ.

ಅಪ್ಪನಿಗೆ ಎದೆನೋವು ಬಂದು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಕಟ್ಟಿಕೊಂಡಿದ್ದ ರಕ್ತನಾಳವನ್ನು ಬಿಡಿಸಿ, ಮತ್ತೆ ಕುಸಿಯದಂತೆ ಒಳಗೊಂದು ಜಾಳುಜಾಳಾದ ಲೋಹದ ಕೊಳವೆ ಕೂರಿಸುತ್ತಾರೆ, ಅದೇ ಸ್ಟೆಂಟ್. ನಮ್ಮ ಕಡೆ ಯಾರೂ ಹಾಗೆ ಅನ್ನುವುದಿಲ್ಲ. 'ಸ್ಪ್ರಿಂಗ್ ಹಾಕ್ಯಾರ' ಅನ್ನುತ್ತಾರೆ. ನಮ್ಮ ಮನೆಯಲ್ಲಿ ಸ್ಪ್ರಿಂಗ್ ಎಂಬುದೊಂದು ಬೈಗುಳ. ಅಂಗಡಿಗಳಿಗೆ ಸ್ಪ್ರಿಂಗಿನ ಗಾದಿ ಬಂದ ಮೇಲೆ ಹತ್ತಿ ಗಾದಿ ಹೊಲಿಸುವವರು ಕಡಿಮೆಯಾದರು. ಆ ಹೊಳೆಯುವ ಗಾದಿಗಳನ್ನು ಕಂಡರೆ ಅಪ್ಪ, "ಅದರ ಮ್ಯಾಲ ಮನಷಾ ಮಲಗ್ತಾನೇನ್ಲೇ? ಕಪ್ಪಿ ಮಲಗಬೇಕು, ಕುಣಕೊಂತ" ಎಂದು ಉಗಿಯುತ್ತಿದ್ದ. ಅಂಥ ಮನುಷ್ಯನ ಎದೆಯೊಳಗೇ ಸ್ಪ್ರಿಂಗು! ನಾನು ಬಿಡುತ್ತೇನೆಯೇ?

ವಾರ್ಡಿನಲ್ಲಿ ಅಪ್ಪ ಕಣ್ಣು ಬಿಟ್ಟು ಕುಳಿತದ್ದೇ ಶುರು ಮಾಡಿದೆ. "ಅಪ್ಪಾ, ಇಷ್ಟು ವರ್ಷ ಬೈದಿ ನೋಡು. ಸಿಟ್ಟಿಗೆದ್ದು ಒಳಗ ಬಂದು ಕುಂತೈತಿ."

ಸ್ಟೆಂಟ್ ತೂರಿಸಿದ್ದ ಮಣಿಕಟ್ಟಿನ ಪಟ್ಟಿಯನ್ನು ಹಿಡಿದುಕೊಂಡು ಅಪ್ಪ ನಕ್ಕ. ನಗುವಾಗ ಒಮ್ಮೆ ಕೆಮ್ಮಿದ. ನರ್ಸಮ್ಮ ಓಡಿ ಬಂದು, "ಸುಮ್ಕಿರ್ರಿ ಸ್ವಲ್ಪ. ಅವರನ್ನ ಉಳಿಸಾಕ ನಾವು ಒದ್ದಾಡಾಕತ್ತೀವಿ, ನೀವು ನಗಿಸಿ ಕೊಲ್ತೀರಿ" ಎಂದರು.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನೂ ಅಮ್ಮನನ್ನೂ ಎದುರು ಕೂರಿಸಿಕೊಂಡು, ಗುಳಿಗೆಗಳಲ್ಲಿ ಎರಡನ್ನು ಬೇರೆ ತೆಗೆದಿಟ್ಟು ತೋರಿಸಿದರು. "ಇವೆರಡು ರಕ್ತ ಗಡ್ಡೆ ಕಟ್ಟದಂಗೆ ನೋಡಿಕೊಳ್ಳೋ ಗುಳಿಗೆ. ಬೇರೆ ಯಾವುದು ಮರೆತರೂ ಇವನ್ನ ಮರೀಬೇಡಿ. ಹಲ್ಲು ಕೀಳೋರು ಬಿಡು ಅಂದ್ರೂ, ಬೇರೆ ಆಪರೇಷನ್ ಮಾಡೋರು ಬಿಡು ಅಂದ್ರೂ, ನಮ್ಮನ್ನ ಕೇಳದೆ ಒಂದು ದಿನಾನೂ ಬಿಡಬಾರದು."

ನಾನು ಗಟ್ಟಿಯಾಗಿ ತಲೆ ಅಲ್ಲಾಡಿಸಿದೆ. ನನ್ನ ತಲೆ ಅಲ್ಲಾಡುವುದರಲ್ಲಿ ಯಾವ ಕೊರತೆಯೂ ಇಲ್ಲ, ಅದರೊಳಗೆ ಏನಾದರೂ ನಿಲ್ಲುವುದೇ ಕಷ್ಟ. ಅವರು ಹಲ್ಲಿನವರ ಹೆಸರು ಹೇಳಿದರು, ಆಪರೇಷನ್ನಿನವರ ಹೆಸರು ಹೇಳಿದರು. ಗಾದಿ ಹೊಲಿಯುವ ಮಗ ಬಿಡು ಅಂದರೂ ಬಿಡಬೇಡಿ ಅನ್ನುವುದೊಂದನ್ನು ಹೇಳಲಿಲ್ಲ. ಅವರಿಗೇನು ಗೊತ್ತು ಪಾಪ, ಅಂಥವನೊಬ್ಬ ಎದುರಿಗೇ ಕುಳಿತಿದ್ದಾನೆಂದು.

ಮನೆಗೆ ಬಂದ ಮೇಲೆ ಆ ಗುಳಿಗೆಗಳ ಹೆಸರು ಬದಲಾಯಿತು. ಓಣಿಯವರೆಲ್ಲ ಅದನ್ನು 'ರಕ್ತ ತೆಳ್ಳಗ ಮಾಡೋ ಗುಳಿಗಿ' ಎಂದರು, ನಾವೂ ಹಾಗೇ ಕರೆದೆವು. ತೆಳ್ಳಗೆ ಎಂದೊಡನೆ ನನ್ನ ಕಣ್ಣಿಗೆ ಬಂದದ್ದು ಹಾಲಿಗೆ ನೀರು ಬೆರೆಸುವ ಚಿತ್ರ. ಸ್ಪ್ರಿಂಗು ಕಬ್ಬಿಣದ್ದು, ಅದರ ಕೆಲಸ ಅದು ಮಾಡುತ್ತದೆ, ಈ ಗುಳಿಗೆ ಸುಮ್ಮನೆ ರಕ್ತಕ್ಕೆ ನೀರು ಹಾಕುತ್ತಿದೆ ಎಂದು ನಾನು ಒಳಗೊಳಗೇ ತೀರ್ಮಾನ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರಲ್ಲ!

ಕೆಲವು ವಾರ ಕಳೆದವು. ಅಪ್ಪನ ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಏಳತೊಡಗಿದವು. ಬಾಗಿಲಿಗೆ ಮೊಣಕೈ ತಾಗಿದರೆ ಸಾಕು, ಮರುದಿನ ಅಲ್ಲಿ ನೇರಳೆ ಹಣ್ಣು ಒತ್ತಿದಂಥ ಗುರುತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಅಮ್ಮ ಹೆದರಿ ಆಸ್ಪತ್ರೆಗೆ ಫೋನ್ ಮಾಡಿದಳು. ಸಣ್ಣಪುಟ್ಟ ಕಲೆ ಬೀಳುತ್ತವೆ, ಗಾಯವಾದರೆ ಒತ್ತಿ ಹಿಡಿಯಿರಿ, ಮಲ ಕಪ್ಪಗೆ ಹೋದರೆ ಅಥವಾ ರಕ್ತ ನಿಲ್ಲದಿದ್ದರೆ ಕೂಡಲೇ ಬನ್ನಿ, ಗುಳಿಗೆ ಮಾತ್ರ ನೀವಾಗಿ ನಿಲ್ಲಿಸಬೇಡಿ ಎಂದು ಅವರು ಹೇಳಿದರು. ಅಮ್ಮ ಅದನ್ನು ಪಾಠದ ಹಾಗೆ ಒಪ್ಪಿಸಿದಳು. ನಾನು ಆಗ ಮೊಬೈಲಿನಲ್ಲಿ ಕೋತಿಯ ವಿಡಿಯೊ ನೋಡುತ್ತಿದ್ದೆ. ನಮ್ಮವರ ಸುದ್ದಿ ನೋಡಬೇಕಲ್ಲ.

ಮದುವೆಯ ದಿನಗಳು ಬಂದವು. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಒಂದು ರೈತರ ಮನೆಯಿಂದ ಕರೆ ಬಂತು. ಮೊಮ್ಮಗಳ ಮದುವೆಗೆ ತಮ್ಮ ಹೊಲದ ಹತ್ತಿಯಲ್ಲೇ ಗಾದಿ ಆಗಬೇಕು, ತಮ್ಮ ಅಂಗಳದಲ್ಲೇ ಹೊಲಿಯಬೇಕು, ಅದೂ ಅಪ್ಪನೇ ಹೊಲಿಯಬೇಕು ಎಂದು ಆ ಮನೆಯ ಅಜ್ಜಿಯ ಹಟ. ಆ ಅಜ್ಜಿಯ ಮಗಳ ಮದುವೆಯ ಗಾದಿಯನ್ನೂ ಅಪ್ಪನೇ ಹೊಲಿದಿದ್ದನಂತೆ. ಭಾರ ಎತ್ತುವುದು, ಹತ್ತಿ ಬಡಿಯುವುದು ನನ್ನ ಪಾಲಿಗೆ, ಕುಳಿತು ಹೊಲಿಯುವುದು ಅಪ್ಪನ ಪಾಲಿಗೆ ಎಂದು ಮಾತಾಯಿತು. ಅಮ್ಮ ಗುಳಿಗೆಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. "ನಿಮ್ಮಪ್ಪ ಮರೀತಾನ. ನೀ ಮರೀಬ್ಯಾಡ" ಎಂದಳು.

"ನಾ ಅದೀನಲ್ಲ" ಎಂದೆ.

ಬಾದನಹಟ್ಟಿಯ ಅಂಗಳದಲ್ಲಿ ಕೆಲಸ ಶುರುವಾಯಿತು. ಆ ಮನೆಯ ಪದ್ಧತಿಯಂತೆ ಮೊದಲ ಹಿಡಿ ಹತ್ತಿಗೆ ಮುತ್ತೈದೆಯರು ಅರಿಶಿಣ ಮುಟ್ಟಿಸಿ ಗವಸಿನೊಳಗೆ ಹಾಕಿದರು. ಗವಸು ಬೆಳ್ಳಗೆ, ಹಾಲಿನ ಕೆನೆಯಂಥ ಬಟ್ಟೆ. ಅಪ್ಪ ಬೇವಿನ ನೆರಳಿನಲ್ಲಿ ಕುಳಿತು ದಬ್ಬಣಕ್ಕೆ ದಾರ ಪೋಣಿಸಿದ. ಬಲಗೈಯ ದಬ್ಬಣ ಗಾದಿಯನ್ನು ತೂರಿ ಆ ಕಡೆ ಬರುವಾಗ ಎಡಗೈಯ ಬೆರಳು ಅದರ ಮೊನೆಯನ್ನು ಮುಟ್ಟಿ ನೋಡುತ್ತದೆ. ಮೊನೆ ಚುಚ್ಚುವುದು ನಮ್ಮ ಕೆಲಸದಲ್ಲಿ ಲೆಕ್ಕಕ್ಕೇ ಇಲ್ಲ. ಚುಚ್ಚಿದರೆ ಬೆರಳನ್ನು ಬಾಯಿಗಿಟ್ಟುಕೊಂಡು ಮುಂದಿನ ಹೊಲಿಗೆ ಹಾಕುವುದಷ್ಟೆ. ಅವತ್ತೂ ಚುಚ್ಚಿತು. ಅಪ್ಪ ಬಾಯಿಗಿಟ್ಟುಕೊಂಡ, ಮುಂದುವರಿದ. ಆದರೆ ಈ ಸಲ ರಕ್ತ ನಿಂತಿರಲಿಲ್ಲ. ಅದು ಅವನ ಗಮನಕ್ಕೆ ಬರಲಿಲ್ಲ, ನಾನಂತೂ ಹುಡುಗಿಯರಿಗೆ ನನ್ನ ಲುಂಗಿಯ ಕಥೆ ಹೇಳುವುದರಲ್ಲಿ ಮುಳುಗಿದ್ದೆ.

ನೋಡಿದವಳು ಅಜ್ಜಿ. "ಸಾಬಾ, ಏನದು ಕೆಂಪಗ?" ಎಂದು ಬಗ್ಗಿದವಳು ಹಾಗೇ ನಿಂತಳು. ಹೊಲಿಗೆಯ ಉದ್ದಕ್ಕೂ, ಬಿಳಿ ಬಟ್ಟೆಯ ಮೇಲೆ, ಕೆಂಪು ಚುಕ್ಕೆಗಳ ಸಾಲು. "ಅಯ್ಯೋ ನಾಯ್ನಾ! ಮದುವಿ ಗಾದಿಗೆ ರಗತ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಏನೋ ಅಂದಳು, ಇನ್ನೊಬ್ಬಾಕೆ ಅವಳನ್ನು ತಿವಿದಳು. ಮದುಮಗಳು ಎದ್ದು ಒಳಗೆ ಹೋದಳು. ಅಜ್ಜಿ ಅಪ್ಪನ ಮೇಲೆ ರೇಗಲಿಲ್ಲ. ತಾನೇ ಅರಿಶಿಣ ತಂದು ಅವನ ಬೆರಳಿಗೆ ಒತ್ತಿ ಬಟ್ಟೆ ಸುತ್ತಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಗವಸು ಬದಲು ಮಾಡು. ಗಂಡಿನ ಕಡೆಯವರಿಗೆ ಹೇಳಬ್ಯಾಡ. ಇನ್ನೊಮ್ಮಿ ಬಿತ್ತಂದ್ರ ಈ ಗಾದಿ ನಾ ಕಳಸಾಂಗಿಲ್ಲ ನೋಡಪ್ಪ. ಹುಡುಗಿ ಬಾಳೇವು ಮಾಡೋ ಗಾದಿ ಇದು" ಎಂದಳು.

ಅಪ್ಪ ದಬ್ಬಣ ಬದಿಗಿಟ್ಟ. ಹೊಲಿದಿದ್ದನ್ನೆಲ್ಲ ಬಿಚ್ಚಿದ. ಅವನ ಮುಖ ನೋಡಲಾಗದೆ ನಾನು ಹತ್ತಿ ಬಡಿಯತೊಡಗಿದೆ. ಹೊತ್ತು ಇಳಿಯುವಾಗ ಬೇವಿನ ಬುಡದಲ್ಲಿ ಚಹಾ ಕುಡಿಯುತ್ತಾ ಅಪ್ಪ ಕೇಳಿದ.

"ಲೇ, ಆ ಗುಳಿಗಿ ನಾಕು ದಿನ ಬಿಟ್ರ ಏನಕ್ಕೈತಿ?"

ಇಲ್ಲಿ ಯಾರಾದರೂ ಮನುಷ್ಯನಾದವನು ಏನು ಮಾಡುತ್ತಿದ್ದ? ಡಾಕ್ಟರಿಗೆ ಫೋನ್ ಮಾಡುತ್ತಿದ್ದ. ಇಲ್ಲವೇ ಅಮ್ಮನಿಗೆ ಮಾಡುತ್ತಿದ್ದ. ಏನೂ ತಿಳಿಯದಿದ್ದರೆ, "ದಬ್ಬಣ ನನಗ ಕೊಡು, ನೀ ಹೇಳು, ನಾ ಹೊಲಿತೀನಿ" ಅನ್ನುತ್ತಿದ್ದ. ನನಗೆ ಅದು ಹೊಳೆಯಲೇ ಇಲ್ಲ. ಅಪ್ಪನ ಜೋಲುಬಿದ್ದ ಮುಖವನ್ನು ಹೇಗಾದರೂ ಮೇಲೆತ್ತಬೇಕು ಎಂಬುದೊಂದೇ ತಲೆಯಲ್ಲಿತ್ತು.

"ಏನಕ್ಕೈತಿ? ಸ್ಪ್ರಿಂಗ್ ಏನು ಎದ್ದು ಸಿರುಗುಪ್ಪಕ್ಕ ಓಡಿ ಹೋಗ್ತೈತೇನಪಾ? ಕಬ್ಬಿಣದ್ದೈತಿ, ಕುಂತಿರ್ತೈತಿ. ಗಾದಿ ಮುಗೀಲಿ, ಆಮ್ಯಾಲ ದಿನಕ್ಕ ಎರಡೆರಡು ನುಂಗಿ ಲೆಕ್ಕ ಚುಕ್ತಾ ಮಾಡಿಬಿಡು" ಎಂದೆ.

ಅಪ್ಪ ನಕ್ಕುಬಿಟ್ಟ. ಚಹಾ ಮೂಗಿಗೆ ಹೋಗಿ ಕೆಮ್ಮುವಷ್ಟು ನಕ್ಕ. ನಾನು ಗೆದ್ದೆ ಅಂದುಕೊಂಡೆ.

ನಾಲ್ಕು ದಿನ ಅಂದದ್ದು ಎಳೆಯಿತು. ಗವಸಿಗೆ ಹೊಸ ಬಟ್ಟೆ ಬರುವುದು ತಡವಾಯಿತು, ಗಾದಿಯ ಜೊತೆ ದಿಂಬುಗಳೂ ಬೇಕೆಂದರು. ಬಿಟ್ಟದ್ದು ಎರಡೂ ಗುಳಿಗೆ. ಬೇರೆಯವನ್ನು ಅಪ್ಪ ಶಿಸ್ತಾಗಿ ನುಂಗುತ್ತಿದ್ದ, ಗ್ಯಾಸಿನ ಗುಳಿಗೆಯನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ. ಅಮ್ಮ ದಿನಾ ಫೋನ್ ಮಾಡಿ, "ಗುಳಿಗಿ ತೊಗೊಂಡ್ರಾ?" ಎಂದು ಕೇಳುವಳು. ನಾನು "ಹೂಂ, ತೊಗೊಂಡ್ರು" ಎನ್ನುವೆನು. ಗ್ಯಾಸಿನದ್ದೂ ಗುಳಿಗೆಯೇ ತಾನೆ, ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದಬ್ಬಣ ಇನ್ನೆರಡು ಸಲ ಅಪ್ಪನ ಬೆರಳು ಚುಚ್ಚಿತು. ರಕ್ತ ಮೊದಲಿನ ಕಾಲದ ಹಾಗೆ ಬಾಯಿಗಿಟ್ಟೊಡನೆ ನಿಂತಿತು. ತೋಳಿನ ನೀಲಿ ಕಲೆಗಳೂ ಒಂದೊಂದಾಗಿ ಮಾಸಿದವು.

"ನೋಡಪಾ, ಮೈ ಹೆಂಗ ಸ್ವಚ್ಛ ಆತು. ಆ ಡಾಕ್ಟರಿಗಿಂತ ನಾ ಏನು ಕಡಿಮಿ ಅದೀನಿ?" ಎಂದೆ.

"ಬೋರ್ಡ್ ಹಾಕ್ಕೋ ಹಂಗಾರ" ಎಂದ ಅಪ್ಪ.

ಮದುವೆಗೆ ಮುಂಚೆಯೇ ಗಾದಿಗಳನ್ನು ಸಿರುಗುಪ್ಪದ ಗಂಡಿನ ಮನೆಗೆ ಮುಟ್ಟಿಸಬೇಕಿತ್ತು. ಒಂದು ಬೆಳಿಗ್ಗೆ ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಹೊರಟೆವು. ಮುಂದೆ ಡ್ರೈವರಣ್ಣನ ಪಕ್ಕ ಅಪ್ಪ, ಹಿಂದೆ ಗಾದಿಗಳ ಮೇಲೆ ಮಹಾರಾಜನಂತೆ ನಾನು. ಎರಡೂ ಕಡೆ ಭತ್ತದ ಗದ್ದೆ, ಬಿಸಿಲು ಇನ್ನೂ ಏರಿರಲಿಲ್ಲ. ಸಿರುಗುಪ್ಪ ಮುಟ್ಟಿ, ಗಂಡಿನ ಮನೆಯ ಮುಂದೆ ಗಾದಿ ಇಳಿಸಿದೆವು. ಅಪ್ಪನಿಗೆ ಭಾರ ಮುಟ್ಟಲು ನಾನು ಬಿಡಲಿಲ್ಲ. ಎರಡು ದಿಂಬು ಮಾತ್ರ ಎತ್ತಿದ ಅಷ್ಟೆ. ಎತ್ತಿದವನು ಅವನ್ನು ಒಳಗೆ ಒಯ್ಯಲಿಲ್ಲ. ಕಟ್ಟೆಯ ಮೇಲೆ ಕುಳಿತ.

"ಯಾಕಪಾ?"

"ಏನಿಲ್ಲ. ಉಬ್ಬಸ ಬಂದಂಗಾತು."

ಹಣೆಯ ಮೇಲೆ ಬೆವರು. ಬಿಸಿಲಿನ ಬೆವರು ಹರಿಯುತ್ತದೆ, ಇದು ಹರಿಯಲಿಲ್ಲ, ಹನಿಹನಿಯಾಗಿ ನಿಂತಿತ್ತು. ಎಡಗೈಯಿಂದ ಎದೆಯ ನಡುವೆ ಅದುಮಿಕೊಂಡಿದ್ದ. ಆದರೂ ನೋಡಿ, ನಾನು ಏನು ಮಾಡಿದೆ? ಓಡಿಹೋಗಿ ಸೋಡಾ ತಂದೆ. "ಗ್ಯಾಸ್ ಆಗಿರತೈತಿ, ಕುಡಿ" ಎಂದೆ. ಗ್ಯಾಸಿನ ಗುಳಿಗೆಯನ್ನು ಒಂದು ದಿನವೂ ತಪ್ಪಿಸದ ಮನುಷ್ಯನಿಗೆ ಗ್ಯಾಸ್ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವಷ್ಟೂ ಧೈರ್ಯ ನನಗಿರಲಿಲ್ಲ. ಗ್ಯಾಸ್ ಆಗಿರಲಿ, ಗ್ಯಾಸೇ ಆಗಿರಲಿ ಎಂದು ಬೇಡಿಕೊಳ್ಳುತ್ತಾ ಸೀಸೆಯನ್ನು ಅವನ ಬಾಯಿಗೆ ಹಿಡಿದೆ. ಅರ್ಧ ಸೋಡಾ ಅವನ ಅಂಗಿಯ ಮೇಲೆ ಚೆಲ್ಲಿತು.

ಡ್ರೈವರಣ್ಣ ಸೀಸೆಯನ್ನು ಕಿತ್ತುಕೊಂಡ. "ಹುಚ್ಚದೀಯೇನ್ಲೇ? ಎದಿ ಹಿಡ್ಕೊಂಡಾರ ಅವ್ರು. ಹಿಡಿ ಆ ಕಡಿ, ಆಟೊದಾಗ ಹಾಕು!"

ಗಾದಿ ಇಳಿಸಿದ ಬರೀ ತಗಡಿನ ಮೇಲೆ ಅಪ್ಪನನ್ನು ಮಲಗಿಸಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಜೀವನವಿಡೀ ಊರಿಗೆಲ್ಲ ಮೆತ್ತಗೆ ಮಲಗಲು ಗಾದಿ ಹೊಲಿದವನ ತಲೆ ಪ್ರತಿ ಉಬ್ಬಿಗೂ ತಗಡಿಗೆ ಬಡಿಯುತ್ತಿತ್ತು. ನಾನು ನನ್ನ ತೊಡೆ ಕೊಟ್ಟೆ.

ಅಲ್ಲಿ ಕಿರಿಯ ವಯಸ್ಸಿನ ಲೇಡಿ ಡಾಕ್ಟರು ಇದ್ದರು. ಇಸಿಜಿಯ ಕಾಗದ ಹೊರಬರುತ್ತಿದ್ದಂತೆ ಅದನ್ನು ನೋಡುತ್ತಾ ಕೇಳಿದರು. "ಮುಂಚೆ ಸ್ಟೆಂಟ್ ಹಾಕಿದಾರಾ? ಯಾವಾಗ?"

"ಎರಡು ತಿಂಗಳೂ ಆಗಿಲ್ಲ ಮೇಡಂ."

"ಗುಳಿಗೆ ತಪ್ಪದೆ ತಗೊಳ್ತಿದಾರಾ?"

"ಹೂಂ ಮೇಡಂ. ದಿನಾ ತೊಗೊಂತಾರ."

ಈ ಮಾತು ನನ್ನ ಬಾಯಿಂದ ತಾನಾಗಿ ಹೊರಬಿತ್ತು. ಅಮ್ಮನಿಗೆ ದಿನಾ ಹೇಳಿ ಹೇಳಿ ರೂಢಿಯಾಗಿದ್ದ ಮಾತು. ಅಪ್ಪ ಮಲಗಿದ್ದಲ್ಲಿಂದ ನನ್ನ ಕಡೆ ತಿರುಗಿ ನೋಡಿದ. ಅವನು ನನ್ನನ್ನು ಕಾಪಾಡಲು ಸುಮ್ಮನಿದ್ದಾನೆ ಎಂದು ನನಗೆ ಗೊತ್ತಾಯಿತು. ಅವನ ಎದೆ ಹಿಂಡುತ್ತಿದೆ, ತುಟಿ ಬೂದಿಯ ಬಣ್ಣಕ್ಕೆ ತಿರುಗಿದೆ, ಆದರೂ ಮಗ ಸುಳ್ಳನಾಗಬಾರದು. ಡಾಕ್ಟರು ಫೋನ್ ಹಿಡಿದು ಬಾಗಿಲ ಕಡೆ ನಡೆದರು. ನಾನು ಹಿಂದೆ ಓಡಿದೆ. ನನ್ನ ಚಪ್ಪಲಿ ಒಂದು ಅಲ್ಲೇ ಉಳಿಯಿತು.

"ಮೇಡಂ, ಸುಳ್ಳು ಹೇಳಿದೆ. ಬಿಟ್ಟಾರ. ರಕ್ತದ್ದು ಎರಡೂ ಬಿಟ್ಟಾರ. ನಾನ ಬಿಡ್ಸೀನಿ."

"ಎಷ್ಟು ದಿನ ಆಯ್ತು?"

"ವಾರದ ಮ್ಯಾಲ ಆತ್ರಿ."

ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ನನ್ನ ಮುಖವನ್ನೂ ನೋಡದೆ ಒಳಗೆ ಓಡಿದರು. ಆ ಓಟ ನೋಡಿ, ನಾನು ಎಂಥ ಕೆಲಸ ಮಾಡಿದ್ದೇನೆಂದು ನನಗೆ ಮೊದಲ ಸಲ ಅರ್ಥವಾಯಿತು. ನರ್ಸು ಗುಳಿಗೆಗಳನ್ನು ಅಪ್ಪನ ಅಂಗೈಗೆ ಸುರಿದು, "ಹಂಗ ನುಂಗಬ್ಯಾಡ್ರಿ, ಅಗದು ತಿನ್ರಿ ಅಜ್ಜಾರ" ಎಂದರು. ಅದರಲ್ಲಿ ನಾವು ಬಿಟ್ಟಿದ್ದ ಗುಲಾಬಿ ಬಣ್ಣದ್ದೂ ಇತ್ತು, ಒಂದಲ್ಲ, ಹಲವು. ಎರಡೆರಡು ನುಂಗಿ ಲೆಕ್ಕ ಚುಕ್ತಾ ಮಾಡು ಎಂದು ನಾನು ನಗಿಸಿದ್ದು ನೆನಪಾಗಿ, ಗೋಡೆಗೆ ಕೈಯೂರಿ ನಿಂತೆ.

ಆಂಬುಲೆನ್ಸ್ ಬಳ್ಳಾರಿಗೆ ಹೊರಟಿತು. ಬಾದನಹಟ್ಟಿಯಿಂದ ಬೆಳಿಗ್ಗೆ ಬಂದ ದಾರಿಯೇ ಇದು ಎಂದರೆ ನಂಬುವ ಹಾಗಿರಲಿಲ್ಲ. ಎಲ್ಲಿ ನೋಡಿದರೂ ಭತ್ತದ ಲಾರಿ, ಎಲ್ಲವೂ ನಮ್ಮ ಮುಂದೆಯೇ. ಅಪ್ಪನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿದ್ದರು, ಪೆಟ್ಟಿಗೆಯೊಂದು ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದು ತಪ್ಪಿದರೆ ಎಂಬ ಭಯಕ್ಕೆ ನಾನು ಉಸಿರನ್ನೂ ಸದ್ದಿಲ್ಲದೆ ಬಿಡುತ್ತಿದ್ದೆ. ಲಾರಿಯ ಹಾರನ್ನಿನಲ್ಲಿ ಅದು ಮುಳುಗಿಹೋದಾಗಲೆಲ್ಲ ಅಪ್ಪನ ಬಾಯಿಯ ಹತ್ತಿರ ಕಿವಿ ಒಯ್ಯುತ್ತಿದ್ದೆ.

ಅವನ ತೋಳು ನನ್ನ ಕೈಯೊಳಗಿತ್ತು. ತಣ್ಣಗೆ, ಒದ್ದೆಯಾಗಿತ್ತು. ಒಂದೇ ಒಂದು ನೀಲಿ ಕಲೆಯೂ ಇರಲಿಲ್ಲ. ಮೈ ಸ್ವಚ್ಛ ಆತು ಎಂದು ನಾನು ಬೀಗಿದ್ದ ತೋಳು ಅದು. ಕಲೆ ಮಾಸಿದಂತೆಲ್ಲ ಒಳಗಿನ ಕಾವಲು ಒಂದೊಂದಾಗಿ ಎದ್ದು ಹೋಗುತ್ತಿತ್ತು, ನಾನು ಅದನ್ನು ಆರೋಗ್ಯ ಎಂದು ಹೇಳಿ ನಗಿಸುತ್ತಿದ್ದೆ. ಈಗ ಆ ತೋಳಿನ ಮೇಲೆ ಒಂದಾದರೂ ಕಲೆ ಕಾಣಲಿ ಎಂದು ಹುಡುಕಿದೆ. ಮೊಣಕೈಯ ಹಿಂದೆ, ಭುಜದ ಕೆಳಗೆ. ಎಲ್ಲೂ ಇಲ್ಲ.

ಅಪ್ಪ ತುಟಿ ಅಲ್ಲಾಡಿಸಿದ. ಬಗ್ಗಿದೆ.

"ದಿಂಬು ಹೊರಗ ಉಳದಾವ. ಒಳಗ ಹಾಕಿದ್ರೇನು?"

"ಹಾಕ್ಯಾರಪಾ. ನೀ ಮಾತಾಡಬ್ಯಾಡ."

"ಏನರ ಹೇಳಲೇ."

ಅವನಿಗೆ ನಗುವ ಮಾತು ಬೇಕಾಗಿತ್ತು. ನೋವು ಮರೆಯಲು ಅವನಿಗೆ ಗೊತ್ತಿದ್ದ ಔಷಧ ಅದೊಂದೇ. ನನ್ನ ಬಾಯಿಗೆ ಏನೂ ಬರಲಿಲ್ಲ. ಲುಂಗಿಯ ಕಥೆಯೂ ಬರಲಿಲ್ಲ, ಟೋಪಿಯ ಕಥೆಯೂ ಬರಲಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಸತ್ತವರ ಮನೆಯಲ್ಲೂ ಮುಚ್ಚಿರದ ಬಾಯಿ ಇದು. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ ಅಷ್ಟೆ. ನನ್ನ ಬೆರಳುಗಳ ಗುರುತು ಮೂಡಲಿ ಎನ್ನುವ ಹಾಗೆ.

ಬಳ್ಳಾರಿಯ ಆಸ್ಪತ್ರೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ಗಾಲಿಮಂಚ ನನ್ನ ಕೈಯಿಂದ ಜಾರಿ ಒಂದು ಬಾಗಿಲಿನ ಹಿಂದೆ ಹೋಯಿತು. ಸುದ್ದಿ ತಿಳಿದು ಅಮ್ಮ ಆಟೊದಿಂದ ಇಳಿದು ಬಂದಾಗ ನಾನು ಕಬ್ಬಿಣದ ಕುರ್ಚಿಯ ಮೇಲೆ ಒಂದೇ ಚಪ್ಪಲಿಯಲ್ಲಿ ಕುಳಿತಿದ್ದೆ.

"ಏನಾತು? ಗುಳಿಗಿ ಸರಿಯಾಗಿ ತೊಗೊಂತಿದ್ರಲ್ಲ?"

ಹೇಳಿದೆ. ಗಾದಿ, ಕೆಂಪು ಚುಕ್ಕೆ, ಬೇವಿನ ಬುಡದ ಮಾತು, ಫೋನಿನಲ್ಲಿ ಹೇಳಿದ್ದ ಹೂಂ, ಎಲ್ಲ ಹೇಳಿದೆ. ಅಮ್ಮ ಹೊಡೆಯಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನ ಪಕ್ಕದಿಂದ ಎದ್ದು, ನಡುವೆ ಒಂದು ಕುರ್ಚಿ ಬಿಟ್ಟು ಆ ಕಡೆ ಕುಳಿತಳು. ಆ ಖಾಲಿ ಕುರ್ಚಿಯನ್ನು ನೋಡುತ್ತಾ ನಾನು ಕುಳಿತೆ. ಅವಳ ತುಟಿ ಪ್ರಾರ್ಥನೆಯಲ್ಲಿ ಅಲ್ಲಾಡುತ್ತಿತ್ತು. ನಾನೂ ಪ್ರಾರ್ಥನೆ ಶುರು ಮಾಡಿದೆ. ನಡುವೆ ಸಾಲು ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದೆ. ಹಾಗೆ ಎಷ್ಟು ಸಲ ಮರೆತೆನೋ! ಬಾಗಿಲು ತೆರೆದಾಗಲೆಲ್ಲ ನಮ್ಮಿಬ್ಬರ ತಲೆಗಳೂ ಒಟ್ಟಿಗೆ ಏಳುತ್ತಿದ್ದವು. ಬೇರೆ ಯಾರೋ ಬೇರೆ ಯಾರನ್ನೋ ಕರೆದು ಹೋಗುತ್ತಿದ್ದರು. ಒಮ್ಮೆ ಒಳಗಿನಿಂದ ಯಾರೋ ಓಡುವ ಸದ್ದು ಕೇಳಿತು. ಅಮ್ಮ ನನ್ನ ಕಡೆ ನೋಡದೆಯೇ ಆ ಖಾಲಿ ಕುರ್ಚಿಯ ಮೇಲಿಂದ ಕೈ ಚಾಚಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

ಡಾಕ್ಟರು ಹೊರಗೆ ಬಂದಾಗ ಅವರ ಮುಖದಲ್ಲಿ ಏನಿದೆ ಎಂದು ಓದಲು ನನ್ನಿಂದಾಗಲಿಲ್ಲ. ಅವರ ಕೈಗಳನ್ನೇ ನೋಡಿದೆ.

"ಜೀವ ಉಳಿದಿದೆ," ಎಂದರು. "ಸ್ಟೆಂಟಿನೊಳಗೇ ರಕ್ತ ಗಡ್ಡೆ ಕಟ್ಟಿ ಪೂರ್ತಿ ಮುಚ್ಚಿತ್ತು. ಬಿಡಿಸಿದೀವಿ. ಹೃದಯಕ್ಕೆ ಸ್ವಲ್ಪ ಪೆಟ್ಟಾಗಿದೆ, ಮುಂಚಿನ ಶಕ್ತಿ ಪೂರ್ತಿ ಬರುತ್ತೋ ಇಲ್ಲವೋ ಈಗಲೇ ಹೇಳಕ್ಕಾಗಲ್ಲ. ಇನ್ನೆರಡು ದಿನ ಒಳಗೇ ನೋಡಬೇಕು."

"ಸ್ಪ್ರಿಂಗ್ ಕಬ್ಬಿಣದ್ದಲ್ಲೇನ್ರಿ ಸಾರ್, ಅದು ಹೆಂಗ ಮುಚ್ಚಿತು?" ಎಂದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಇದೇ.

ಅವರು ಸಿಟ್ಟಾಗಲಿಲ್ಲ. ನಾವು ಗಾದಿಯವರೆಂದು ಅವರಿಗೆ ನೆನಪಿತ್ತು. "ಹಿಂಜಿದ ಹತ್ತಿ ಹಾರೋ ಕಡೆ ಒಂದು ಮೊಳೆ ಇದ್ರೆ ಏನಾಗುತ್ತೆ? ಅದಕ್ಕೆ ಎಳೆ ಸಿಕ್ಕೊಂಡು ಉಂಡೆ ಕಟ್ಟುತ್ತಲ್ಲ? ಹೊಸ ಸ್ಟೆಂಟ್ ಕಂಡ್ರೆ ರಕ್ತಾನೂ ಹಂಗೇ ಮಾಡುತ್ತೆ. ನಿಧಾನಕ್ಕೆ ಅದರ ಮೇಲೆ ಮೈಯ ಸ್ವಂತ ಪದರ ಬೆಳೆದು ಮುಚ್ಚಿಕೊಳ್ಳುತ್ತೆ. ಅದು ಬೆಳೆಯೋ ತನಕ ಕಾಯೋದೇ ಆ ಗುಳಿಗೆ. ಎಲ್ಲಾ ಅನ್ನೋ ಹಂಗೆ ಅದು ರಕ್ತನ ತೆಳ್ಳಗೆ ಮಾಡಲ್ಲ, ಎಳೆ ಸಿಕ್ಕೊಳ್ಳದಂಗೆ ನೋಡ್ಕೊಳ್ಳುತ್ತೆ. ಎಷ್ಟು ತಿಂಗಳು ಬೇಕು, ಯಾವುದನ್ನ ಯಾವಾಗ ನಿಲ್ಲಿಸಬೇಕು ಅನ್ನೋದನ್ನ ನಾವು ಹೇಳ್ತೀವಿ. ಒಂದು ಹೊತ್ತು ಮರೆತ್ರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ, ಫೋನ್ ಮಾಡಿ. ಕೈ ಚುಚ್ಕೊಂಡ್ರೂ ಫೋನ್ ಮಾಡಿ. ನಾವು ಇರೋದು ಅದಕ್ಕೇ."

ಅಮ್ಮ ಪ್ರತಿ ಮಾತಿಗೂ ಹೂಂಗುಟ್ಟಿದಳು. ನಾನು ಈ ಸಲ ತಲೆ ಅಲ್ಲಾಡಿಸಲಿಲ್ಲ. ಕೇಳಿದೆ.

ಅಪ್ಪನನ್ನು ನೋಡಲು ಬಿಟ್ಟದ್ದು ಮರುದಿನ ಮಧ್ಯಾಹ್ನ. ಒಬ್ಬೊಬ್ಬರೇ ಬನ್ನಿ ಎಂದರು. ಅಮ್ಮ ಹೋಗಿ ಬಂದಳು, ಕಣ್ಣು ಒರೆಸಿಕೊಳ್ಳುತ್ತಾ, "ನಿನ್ನ ಕರಿಯಾಕತ್ಯಾನ, ಹೋಗು" ಎಂದಳು. ಬಾಗಿಲವರೆಗೆ ಹೋಗಿ ನಿಂತೆ. ಅಪ್ಪ ಬೈದರೆ ತಡೆದುಕೊಳ್ಳಬಹುದು, ಬೈಯದಿದ್ದರೆ ಏನು ಮಾಡಲಿ ಎಂದು ಹೆದರಿಕೆ.

ಅವನು ಒಂದೇ ದಿನದಲ್ಲಿ ಹಿಂಜಿ ತೆಗೆದ ಹಳೆಯ ಗಾದಿಯ ಹಾಗೆ ತೆಳ್ಳಗಾಗಿದ್ದ. ಮೈಗೆಲ್ಲ ವೈರು. ಸೂಜಿ ಹಾಕಿದ್ದ ಕೈಯ ಸುತ್ತ ಅಂಗೈಯಗಲದ ನೀಲಿ ಕಲೆ ಎದ್ದಿತ್ತು. ಅದನ್ನು ಕಂಡು ನನಗೆ ಅಳು ಬಂತು. ಕೈಮುಗಿದೆ.

"ಅಪ್ಪಾ, ನನ್ನಿಂದ ಆತು. ನಾ ಬಿಡು ಅಂದೆ, ನೀ ಬಿಟ್ಟಿ."

ಅಪ್ಪ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. ಆಮೇಲೆ ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದ.

"ನೀ ಅಂದಿ ಅಂತ ಬಿಡಲಿಲ್ಲಲೇ. ಆ ಅಜ್ಜಿ ಗವಸು ಬಿಚ್ಚಸಿದಾಗನ ಬಿಡಬೇಕಂತ ಮಾಡಿದ್ದೆ. ನಿಮ್ಮಮ್ಮನ್ನ ಕೇಳಿದ್ರ ಬ್ಯಾಡ ಅಂತಿದ್ಲು. ಡಾಕ್ಟರನ್ನ ಕೇಳಿದ್ರ ಬ್ಯಾಡ ಅಂತಿದ್ರು. ನೀನಾದ್ರ ನಗಿಸಿ ಹೂಂ ಅಂತಿ ಅಂತ ಗೊತ್ತಿತ್ತು. ಅದಕ್ಕ ನಿನ್ನ ಕೇಳಿದೆ. ಇನ್ನ ಮ್ಯಾಲ ನಾ ನಿನ್ನೊಬ್ಬನ್ನ ಕರದು ಏನರ ಕೇಳಿದ್ರ, ಮೊದಲು ನನ್ನ ಮ್ಯಾಲ ಅನುಮಾನ ಪಡು."